ಬೆಸೆದಷ್ಟೂ ಮುರಿಯುತ್ತಿದ್ದ ಬ್ರಾಕೆಟ್

ದೊಡ್ಡಬಳ್ಳಾಪುರದಲ್ಲಿ ಮುರಿದ ಬೀಡು ಕಬ್ಬಿಣಕ್ಕೆ ಪಿತ್ತಾಳೆ ಹಾಕಿ ಬೆಸೆಯುವವರು ಕೆಲವರಿದ್ದಾರೆ. ಅವರಲ್ಲಿ ಒಳ್ಳೆಯ ಕೆಲಸಗಾರ ನಾನು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ, ಏಕೆಂದರೆ ಊರು ಈಗ ಬೇರೆಯೇ ಹೇಳುತ್ತಿದೆ.

ಬೀಡು ಮುಂಗೋಪಿ. ಅದಕ್ಕೆ ಬಗ್ಗುವುದು ಗೊತ್ತಿಲ್ಲ, ಮುರಿಯುವುದೊಂದೇ ಗೊತ್ತು. ಗ್ಯಾಸ್ ಬೆಂಕಿಯಲ್ಲಿ ಮೆಲ್ಲಗೆ ಕಾಯಿಸಿ, ಬಿಳಿಗಾರ ಉದುರಿಸಿ, ಪಿತ್ತಾಳೆ ಕಡ್ಡಿಯನ್ನು ಕರಗಿಸಿ ಬಿರುಕಿನೊಳಗೆ ಹರಿಸಬೇಕು. ಆಮೇಲೆ ಬೂದಿಯಲ್ಲಿ ಹೂತು ಮರುದಿನದವರೆಗೆ ಮರೆತುಬಿಡಬೇಕು. ಬಿಸಿಯಿರುವಾಗ ತಣ್ಣೀರು ತಾಗಿತೋ, ಕೆಲಸ ಕೆಟ್ಟಿತು. ಇದನ್ನೆಲ್ಲ ಒಮ್ಮೆ ನನ್ನ ಹೆಂಡತಿಗೆ ವಿವರಿಸಿದೆ. "ನಿಮ್ಮನ್ನ ಸಂಭಾಳಿಸೋದೂ ಹೀಗೇನೇ" ಎಂದು ಪಾತ್ರೆ ತೊಳೆಯಲು ಹೋದಳು.

ನಾನು ಬೆಸೆದ ವಸ್ತು ಮತ್ತೆ ಮುರಿದು ಬರುವುದಿಲ್ಲ ಎಂಬುದು ನನ್ನ ಜಂಬ. ಆ ಜಂಬಕ್ಕೆ ಕಲ್ಲು ಹಾಕಿದವರು ನೇಕಾರರ ಬೀದಿಯ ಒಬ್ಬ ಅಜ್ಜಿ.

ಅಜ್ಜಿಯ ಮನೆಯಲ್ಲಿ ಗಂಡನ ಕಾಲದ ಒಂದು ಪವರ್‌ಲೂಮ್ ಇತ್ತು. ಅದರಲ್ಲಿ ಲಾಳಿಯನ್ನು ಹೊಡೆಯುವ ಕೋಲಿಗೆ ಆಸರೆಯಾಗಿ ಅಂಗೈಯಗಲದ ಒಂದು ಬೀಡಿನ ಬ್ರಾಕೆಟ್ ಇರುತ್ತದೆ. ಮುರಿದದ್ದು ಅದು. ಅಂಥ ಮಗ್ಗ ಈಗ ಗುಜರಿಯಲ್ಲೂ ಸಿಗುವುದಿಲ್ಲ, ಒಂದೇ ಒಂದು ತುಂಡಿಗೋಸ್ಕರ ಎರಕದವರು ಅಚ್ಚು ಮಾಡುವುದಿಲ್ಲ. ಬೆಸೆಯದಿದ್ದರೆ ಮಗ್ಗ ನಿಂತಂತೆಯೇ ಲೆಕ್ಕ. ಮುರಿದ ತುಂಡುಗಳ ಜೊತೆ ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ ಮಗ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನು.

"ಅಣ್ಣಾ, ನಮ್ಮಮ್ಮಂಗೆ ಮಗ್ಗ ಅಂದ್ರೆ ಪ್ರಾಣ. ಅದು ನಿಂತ್ರೆ ಮಂಕಾಗ್ಬಿಡ್ತಾರೆ. ಬೇಗ ಮಾಡ್ಕೊಡಿ" ಎಂದ. ಅಮ್ಮ ನೇಯುವ ವಿಡಿಯೋವನ್ನು ಫೋನಿನಲ್ಲಿ ತೋರಿಸಿದ. ಅದನ್ನು ಸ್ಟೇಟಸ್‌ಗೆ ಹಾಕಿಕೊಂಡಿದ್ದ, ಕೆಳಗೆ ಕೈಮುಗಿದ ಚಿತ್ರಗಳ ಸಾಲು.

ಅವನು ಶಿಫ್ಟಿಗೆ ಹೋದ ಮೇಲೆ ಅಜ್ಜಿ ನನ್ನ ಬೆಂಚಿನ ಮೇಲೆ ಕಾಲು ಮಡಚಿ ಕೂತು, "ನಿಧಾನವಾಗಿ ಮಾಡಪ್ಪಾ, ಅವಸರ ಏನಿಲ್ಲ" ಎಂದರು. ಗಿರಾಕಿಗಳೆಲ್ಲ ತಲೆ ಮೇಲೆ ಕೂರುವ ಕಾಲದಲ್ಲಿ ಇಂಥ ಮಾತು! ಕೆಲಸದ ಮರ್ಮ ತಿಳಿದವರು ಎಂದು ಉಬ್ಬಿಹೋದೆ. ಖುಷಿಗೆ ಮರುದಿನ ಬೆಳಿಗ್ಗೆಯೇ ಬ್ರಾಕೆಟ್ಟನ್ನು ನಾನೇ ಮನೆಗೆ ಒಯ್ದು ಕೊಟ್ಟೆ. ಅಜ್ಜಿಯ ಮುಖ ಬಾಡಿತು. ಪಾಪ, ಮೈ ಹುಷಾರಿಲ್ಲವೇನೋ ಎಂದುಕೊಂಡೆ.

ವಾರ ಕಳೆಯುವುದರಲ್ಲಿ ಬ್ರಾಕೆಟ್ ವಾಪಸ್ ಬಂತು. ನಾನು ಹಾಕಿದ ಪಿತ್ತಾಳೆ ಗೆರೆ ಗಟ್ಟಿಯಾಗಿಯೇ ಇತ್ತು, ಮುರಿದದ್ದು ಅದರ ಪಕ್ಕದಲ್ಲಿ. ಹಲ್ಲು ಕಚ್ಚಿ ಬೆಸೆದೆ. ಮತ್ತೆ ಬಂತು. ಅಷ್ಟರಲ್ಲಿ ಪಕ್ಕದ ಪಂಕ್ಚರ್ ಅಂಗಡಿಯವನು, "ಏನ್ ಗುರು, ಪಿತ್ತಾಳೆ ಹಾಕ್ತಿದ್ದೀಯೋ, ಬೆಲ್ಲ ಹಾಕ್ತಿದ್ದೀಯೋ?" ಎಂದು ಕೇಳಲು ಶುರು ಮಾಡಿದ್ದ. ನನಗೆ ರಾತ್ರಿ ಊಟ ರುಚಿಸುತ್ತಿರಲಿಲ್ಲ. ಮಗ್ಗದ್ದೇ ತಪ್ಪಿರಬೇಕೆಂದು ಅವರ ಮನೆಗೆ ಹೋಗಿ ಬೋಲ್ಟುಗಳನ್ನೆಲ್ಲ ತಿರುಗಿಸಿ ನೋಡಿದೆ. ಮಗ್ಗ ನೆಟ್ಟಗಿತ್ತು. ಅಜ್ಜಿ ಕಾಫಿ ಕೊಟ್ಟರು.

ಮುಂದಿನ ಸಲ ಅಜ್ಜಿ ಒಬ್ಬರೇ ಆಟೋದಲ್ಲಿ ಬಂದರು. ಹಳೆಯ ಬೀಡು ಎಣ್ಣೆ ಕುಡಿದಿರುತ್ತದೆ, ಬೆಸೆಯುವ ಮುನ್ನ ಅದನ್ನು ಸುಟ್ಟು ತೆಗೆಯಬೇಕು. ಆಗ ಏಳುವುದು ಮಷಿನ್ ಎಣ್ಣೆಯ ಹೊಗೆ. ಆವತ್ತು ಎದ್ದದ್ದು ಬೆಳ್ಳುಳ್ಳಿ ಮತ್ತು ಒಣಮೆಣಸಿನಕಾಯಿಯ ಘಾಟು! ಪಂಕ್ಚರ್‌ನವನು ಸೀನುತ್ತಾ ಇಣುಕಿ, "ಯಾರ ಮನೆ ಬಾಡೂಟ?" ಎಂದ. ನಾನು ಬೆಂಕಿ ಆರಿಸಿ, ಬ್ರಾಕೆಟ್ಟನ್ನು ತಿರುಗಿಸಿ ನೋಡಿದೆ. ಮುರಿದ ಅಂಚಿನಲ್ಲಿ ಜಜ್ಜಿದ ಗುರುತು, ಅದರೊಳಗೆ ಕೆಂಪಗೆ ಖಾರ. ಅಜ್ಜಿ ಸೂರಿನ ಕಡೆ ನೋಡುತ್ತಿದ್ದರು.

"ಅಜ್ಜಿ, ಏನಿದು?"

"ರುಬ್ಬೋ ಗುಂಡು. ಅವಸರದಲ್ಲಿ ತೊಳೀಲಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಒಂದೇಟಿಗೆ ಮುರೀಲೇ ಇಲ್ಲ ಕಣೋ. ಎಷ್ಟು ಗಟ್ಟಿಯಾಗಿ ಬೆಸೀತೀಯೋ, ಹಾಳಾದೋನೇ!"

ನನ್ನ ಜೀವನದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಸಿಕ್ಕಿಲ್ಲ. ಕೋಪವೂ ನಗುವೂ ಒಟ್ಟಿಗೇ ನುಗ್ಗಿ ಬಂದವು.

ಅಜ್ಜಿ ಎಲ್ಲ ಬಿಚ್ಚಿ ಹೇಳಿದರು. ಓಡುವ ಮಗ್ಗವನ್ನು ಮನೆಯವರು ನಿಲ್ಲಿಸಬಾರದು, ನಿಲ್ಲುವುದಾದರೆ ಮಗ್ಗವೇ ನಿಲ್ಲಬೇಕು ಎನ್ನುವುದು ಅವರ ಮನೆಯ ಪದ್ಧತಿ. ಗಂಡ ತೀರಿಕೊಂಡಾಗಲೂ ಸೂತಕ ಕಳೆದ ಮರುದಿನವೇ ಸ್ವಿಚ್ ಹಾಕಿದವರು ಅವರು.

"ಮಗನಿಗೆ ಹೇಳಬಾರದಾ?"

"ಹೇಳಿದ್ರೆ, ಸುಸ್ತಾಗ್ತಿದೆಯಾ ಅಮ್ಮಾ, ಡಾಕ್ಟರ ಹತ್ರ ಹೋಗೋಣ ಅಂತಾನೆ. ಸುಸ್ತಲ್ಲ ಕಣಪ್ಪಾ. ಸಾಕು, ಅಷ್ಟೆ. ಕುಂದಾಣದಲ್ಲಿ ಅಕ್ಕ ಇದ್ದಾಳೆ, ಹೋಗಿ ನಾಲ್ಕು ದಿನ ಇರೋಣ ಅಂದ್ರೆ ಈ ಮಗ್ಗ ಬಿಡಲ್ಲ, ನೀನೂ ಬಿಡಲ್ಲ. ನನ್ನ ಪಾಲಿಗೆ ದೊಡ್ಡ ಶನಿ ನೀನೇ."

ನನಗೆ ಆ ಮಾತು ಚುಚ್ಚಿತು. ಇಷ್ಟು ದಿನ ನಾನು ಬೆಸೆಯುತ್ತಿದ್ದದ್ದು ಈ ಹೆಂಗಸಿನ ಕಾಲಿನ ಬೇಡಿಯನ್ನು.

"ಆಗಲ್ಲ ಅಂತ ಹೇಳ್ಬಿಡ್ತೀನಿ" ಎಂದೆ. ಅಷ್ಟು ಸುಲಭವಿರಲಿಲ್ಲ. ಮಧ್ಯಾಹ್ನ ಶಿಫ್ಟ್ ಮುಗಿಸಿ ಮಗ ನೇರವಾಗಿ ಅಂಗಡಿಗೇ ಬಂದ. ನಾನು ಆಗಲ್ಲ ಎಂದ ಕೂಡಲೇ, "ಹಂಗಾದ್ರೆ ಬಸ್‌ಸ್ಟ್ಯಾಂಡ್ ಹತ್ರ ಬೆಸೆಯೋರಿಗೆ ಕೊಟ್ಟು ನೋಡ್ತೀನಿ ಅಣ್ಣಾ" ಎಂದು ತುಂಡುಗಳಿಗೆ ಕೈ ಹಾಕಿದ. ಬಸ್‌ಸ್ಟ್ಯಾಂಡ್ ಹತ್ತಿರದವನದು ಅಂದಗೆಟ್ಟ ಕೆಲಸ, ಆದರೆ ಅವನು ಬೆಸೆದರೂ ಮಗ್ಗ ಓಡುತ್ತದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು.

"ತಡಿ, ಇನ್ನೊಂದ್ಸಲ ನಾನೇ ನೋಡ್ತೀನಿ" ಎಂದು ಕಿತ್ತುಕೊಂಡೆ. ದೊಡ್ಡ ತುಂಡನ್ನು ಕೆಂಪಗೆ ಕಾಯಿಸಿದೆ. ಪಂಕ್ಚರ್‌ನವನೂ, ಟೀ ಕುಡಿಯಲು ಬಂದಿದ್ದ ಇಬ್ಬರು ಮೆಕ್ಯಾನಿಕ್‌ಗಳೂ ನೋಡುತ್ತಿದ್ದಂತೆ ಇಕ್ಕಳದಲ್ಲಿ ಎತ್ತಿ, ಟ್ಯೂಬ್ ಅದ್ದುವ ಅವನದೇ ಬಕೆಟ್ಟಿಗೆ ಮುಳುಗಿಸಿದೆ. ಚೊಂಯ್ ಎಂದಿತು, ಹಿಂದೆಯೇ ಟಣ್. ಮೇಲೆತ್ತಿದಾಗ ಇಕ್ಕಳದಲ್ಲಿ ಉಳಿದದ್ದು ಒಂದು ಮೂಲೆ ಮಾತ್ರ.

ಒಬ್ಬ ಮೆಕ್ಯಾನಿಕ್ ತಲೆ ಚಚ್ಚಿಕೊಂಡ. ಮಗ ಮಾತ್ರ ನನ್ನ ಭುಜ ತಟ್ಟಿ, "ಹೋಗ್ಲಿ ಬಿಡಣ್ಣಾ, ಎಲ್ಲರ ಕೈಲೂ ತಪ್ಪಾಗುತ್ತೆ" ಎಂದು ಸಮಾಧಾನ ಹೇಳಿದ. ಆ ಸಮಾಧಾನ ಇವತ್ತಿಗೂ ಉರಿಯುತ್ತದೆ. ಅಜ್ಜಿ ಸೆರಗನ್ನು ಮುಖಕ್ಕೆ ಒತ್ತಿಕೊಂಡಿದ್ದರು. "ಅಳಬೇಡಮ್ಮಾ" ಎಂದ ಮಗ. ಅವರ ಭುಜ ಕುಲುಕುತ್ತಿದ್ದ ರೀತಿ ನೋಡಿ ನಾನು ಗೋಡೆಯ ಕಡೆ ತಿರುಗಿಕೊಂಡೆ.

ಬೀಡನ್ನು ನೀರಿಗದ್ದಿದವನು ಎಂಬ ಬಿರುದು ಊರಲ್ಲೆಲ್ಲ ಹಬ್ಬಿತು. ಬಸ್‌ಸ್ಟ್ಯಾಂಡ್‌ನವನು ಎದುರಾದಾಗಲೆಲ್ಲ "ನೀರು ಬಿಸಿಯಾಯ್ತಾ?" ಎಂದು ಕೇಳುತ್ತಾನೆ. ಹೇಳಿಕೊಳ್ಳುವಂತಿಲ್ಲ, ಬಿಡುವಂತಿಲ್ಲ.

ಚಳಿಗಾಲ ಶುರುವಾಗುವ ಹೊತ್ತಿಗೆ ಅಜ್ಜಿ ಬಂದರು. ಕುಂದಾಣದಿಂದ ತಂದ ಅವರೆಕಾಯಿಯನ್ನು ನನ್ನ ಮೇಜಿನ ಮೇಲೆ ಸುರಿದು, ಕುಳಿತು, ಬೀದಿ ನೋಡತೊಡಗಿದರು. ಬಸ್ಸು ಹೋಯಿತು, ದನ ಹೋಯಿತು, ಅವರು ನೋಡುತ್ತಲೇ ಇದ್ದರು.

"ಮಗ್ಗ ಇಲ್ದೆ ಹೊತ್ತು ಹೋಗುತ್ತಾ ಅಜ್ಜಿ?" ಎಂದು ಕೇಳಿದೆ.

"ಹೋಗಲ್ಲ ಕಣಪ್ಪಾ" ಎಂದು ನನ್ನ ಕಡೆ ತಿರುಗಿದರು. ಮುಖದ ತುಂಬ ನಗು. "ನನ್ನ ಜನ್ಮದಲ್ಲೇ ಮೊದಲ್ನೇ ಸಲ, ಹೊತ್ತು ಹೋಗ್ತಾನೇ ಇಲ್ಲ."