ಶುಕ್ರವಾರದ ತಟ್ಟೆ

ಈ ಕೊಲ್ಲಿ ದೇಶದಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ಚರ್ಚಿನ ಭಾನುವಾರದ ಬಲಿಪೂಜೆಯೂ ಶುಕ್ರವಾರವೇ ಆಗುತ್ತದೆ. ಅದು ಮುಗಿದ ಮೇಲೆ ಟುಬ್ಲಿಯ ನಮ್ಮ ಕೋಣೆಗೆ ಊಟಕ್ಕೆ ಬರುತ್ತಿದ್ದ ಫಾದರ್, ಬೆನೆಡಿಕ್ಟೈನ್ ಸಭೆಯ ಸನ್ಯಾಸಿ. ಮಠಗಳ, ಪೂಜಾವಿಧಿಗಳ ಚರಿತ್ರೆಯನ್ನೇ ಜೀವಮಾನವಿಡೀ ಓದಿದವರು. ಈ ದ್ವೀಪಗಳಲ್ಲಿ ಹಿಂದೆ ಇದ್ದ ಸನ್ಯಾಸಿಗಳ ಜಾಡು ಹುಡುಕಿಕೊಂಡು ಬಂದಿದ್ದರು. ಗ್ಯಾರೇಜಿನವರಾದ ನಾವು ಪೂಜೆಯಲ್ಲಿ ಮೊಣಕಾಲೂರುವುದರ ಬಗ್ಗೆ ಕೇಳಿದರೂ, ಗಂಟೆ ಬಾರಿಸುವುದರ ಬಗ್ಗೆ ಕೇಳಿದರೂ, ಅವರು ತಟ್ಟೆಯ ಸುತ್ತ ಬಿದ್ದ ಅಗುಳು ಹೆಕ್ಕುತ್ತ, "ಅದು ಆಮೇಲೆ ಬಂದದ್ದು ಮಾರಾಯ, ಮೊದ್ಲು ಇರ್ಲಿಲ್ಲ" ಎನ್ನುತ್ತಿದ್ದರು.

ನಮ್ಮ ಜೊತೆಗಿದ್ದ ವೆಲ್ಡರ್ ಎದೆನೋವಿನಿಂದ ತೀರಿಕೊಂಡ. ಶವ ಊರಿಗೆ ಹೋದ ವಾರ, ಅಭ್ಯಾಸಬಲದಿಂದ ಅವನ ತಟ್ಟೆಯನ್ನೂ ಇಟ್ಟುಬಿಟ್ಟಿದ್ದೆ. ತೆಗೆಯಲು ಹೋದಾಗ ಫಾದರ್ ನನ್ನ ಕೈ ಹಿಡಿದರು.

"ಇರ್ಲಿ, ಬಡಿಸು. ಮಠಗಳಲ್ಲಿ ಒಬ್ರು ಹೋದ್ರೆ ಒಂದು ತಿಂಗಳು ಅವರ ಜಾಗದಲ್ಲಿ ಊಟ ಬಡಿಸ್ತಿದ್ರು. ಮತ್ತೆ ಅದನ್ನು ಹಸಿದವ್ರಿಗೆ ಕೊಡ್ತಿದ್ರು."

"ಇದೂ ಆಮೇಲೆ ಬಂದದ್ದಾ ಫಾದರ್?" ಎಂದೆ.

ಅವರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅದೊಂದನ್ನು ನಾನು ಹುಡುಕ್ಲೇ ಇಲ್ಲ."

ಆ ಊಟವನ್ನು ಕಟ್ಟಡದ ಬಂಗಾಳಿ ವಾಚ್‌ಮನ್‌ಗೆ ಕೊಟ್ಟೆವು. ಯಾರ ಪಾಲಿನದೆಂದು ಹೇಳಿದಾಗ ಅವನು ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂತು ಉಂಡ. ತಿಂಗಳು ತುಂಬುವವರೆಗೂ ಹಾಗೆಯೇ ನಡೆಯಿತು.

ಫಾದರ್ ಊರಿಗೆ ವಾಪಸಾಗಿ ಕೆಲವು ವರ್ಷಗಳಾದ ಮೇಲೆ, ಅವರಿನ್ನಿಲ್ಲ ಎಂಬ ಸುದ್ದಿ ಬಂತು. ಆ ಶುಕ್ರವಾರ ಅನ್ನ, ಮೀನುಸಾರು ಬಡಿಸಿದ ತಟ್ಟೆ ಹಿಡಿದು ಕೆಳಗಿಳಿದೆ. ವಾಚ್‌ಮನ್ ನನ್ನನ್ನು ನೋಡಿ ಎದ್ದು ನಿಂತ. ತಟ್ಟೆಗೆ ಕೈ ಚಾಚಲಿಲ್ಲ. ಮೊದಲು ಚಪ್ಪಲಿ ಬಿಟ್ಟ.

"ಈ ಸಲ ಯಾರು, ಭಾಯ್?" ಎಂದು ಕೇಳಿದ.