ಎಂಟನೆಯ ಸೂಜಿ

ಗುರುದೇವಿಗೆ ಸಿಟ್ಟು ಬಂದರೆ ಕೋಠಿ ಪೇಟೆಯ ಆ ಸಣ್ಣ ಅಕ್ಯುಪಂಕ್ಚರ್ ಸೂಜಿ ಚಿಕಿತ್ಸೆಯ ದವಾಖಾನೆಯಲ್ಲಿ ಡಾಕ್ಟರಮ್ಮನೂ ದನಿ ತಗ್ಗಿಸುತ್ತಿದ್ದರು. ಹನ್ನೊಂದು ವರ್ಷದಿಂದ ಅವಳು ಅಲ್ಲಿ ಆಯಾ. ಮೈಗೆ ಚುಚ್ಚಿದ ಸೂಜಿ ಎಷ್ಟೋ, ತೆಗೆದ ಮೇಲೆ ತಟ್ಟೆಯಲ್ಲಿ ಅಷ್ಟೂ ಇವೆಯೇ ಎಂದು ಎಣಿಸುವುದು ಅವಳ ಕೆಲಸ. ಎಣಿಕೆ ಸರಿಬರುವ ತನಕ ಎಂಥ ದೊಡ್ಡ ಮನೆಯವರನ್ನೂ ಮಂಚದಿಂದ ಇಳಿಸುತ್ತಿರಲಿಲ್ಲ.

ಸೇಡಂ ಕಡೆಯವಳು. ಮದುವೆಯಾದ ಹೊಸದರಲ್ಲಿ ಪಟಾನ್‌ಚೆರುವಿನಲ್ಲಿ ಕಟ್ಟಡದ ಕೂಲಿ ಮಾಡುವಾಗ ಏಳು ತಿಂಗಳ ಬಸುರಿಯಾಗಿ ಕಾಂಕ್ರೀಟ್ ಬುಟ್ಟಿ ಹೊತ್ತಿದ್ದಳು. ಆ ಕೂಸು ಉಳಿಯಲಿಲ್ಲ. "ಹಣೇಬರಹ" ಎಂದಿದ್ದ ಅಂದಿನ ಮೇಸ್ತ್ರಿ. ಆ ಒಂದು ಮಾತಿಗೆ ಅವಳ ಹೊಟ್ಟೆ ಇಂದಿಗೂ ಉರಿಯುತ್ತದೆ.

ಹಾಗಾಗಿಯೇ ಪಕ್ಕದ ಮನೆಯ, ಕಟ್ಟಡದ ಕೂಲಿಗೆ ಹೋಗುವ ಶಿವಗಂಗಾ ಬಸುರಿಯಾದ ಆರು ತಿಂಗಳಿಗೇ ಸೊಂಟ ಹಿಡಿದುಕೊಂಡು ನಡೆಯುವುದನ್ನು ನೋಡಲಾರದೆ ದವಾಖಾನೆಗೆ ಕರೆತಂದಳು. ಡಾಕ್ಟರಮ್ಮ ಸರ್ಕಾರಿ ಆಸ್ಪತ್ರೆಯ ಚೀಟಿ ನೋಡಿ, ಬಸುರಿಯರಿಗೆ ಚುಚ್ಚಬಾರದ ಜಾಗಗಳನ್ನು ಬಿಟ್ಟು ಎಂಟು ಸೂಜಿ ಹಾಕಿದರು. ಮಗ್ಗುಲಾಗಿ ಮಲಗಿದ ಹುಡುಗಿ ಐದೇ ನಿಮಿಷಕ್ಕೆ ಗೊರಕೆ ಹೊಡೆದಳು.

"ಯಕ್ಕಾ, ಹಿಂಗ ಮಲಗಿ ಎಷ್ಟ ದಿನ ಆಗಿತ್ತ" ಎಂದು ಅವಳು ಎದ್ದಾಗ ಗುರುದೇವಿಗೆ ಹಿಗ್ಗೋ ಹಿಗ್ಗು. ಸಂಜೆ ನಲ್ಲಿಯ ಹತ್ತಿರ ಕೊಡ ಹಿಡಿದವರ ಮುಂದೆಲ್ಲ ಜಂಬ ಕೊಚ್ಚಿಕೊಂಡಳು: "ಒಂದ ಸಲಕ್ಕ ನೋವು ಮಾಯ!"

ಅಲ್ಲೇ ತಪ್ಪಿದಳು. ಮಾತು ಶಿವಗಂಗಾಳ ಮೇಸ್ತ್ರಿ ಅಮೃತಪ್ಪನ ಕಿವಿಗೆ ಬಿತ್ತು. ಮುಂದಿನ ಸೋಮವಾರದಿಂದ ಅವನೇ ಅವಳನ್ನು ಆಟೋದಲ್ಲಿ ಕರೆತರತೊಡಗಿದ. ಎಂಥ ಒಳ್ಳೆಯವನು ಎಂದುಕೊಂಡಳು ಗುರುದೇವಿ, ದಡ್ಡಿ!

ಮೂರನೆಯ ಸೋಮವಾರ, ಒಳಗೆ ಶಿವಗಂಗಾ ಸೂಜಿ ಹಾಕಿಸಿಕೊಂಡು ಮಲಗಿದ್ದಾಗ, ಅವನು ಬಾಗಿಲಲ್ಲಿ ಇಣುಕಿದ. "ಅಕ್ಕಾರ, ಇವತ್ತ ಲಗೂನ ಬಿಡ್ರಿ. ಹನ್ನೊಂದಕ್ಕ ಸ್ಲ್ಯಾಬ್ ಹಾಕೋದೈತಿ. ಮೊದಲ ಮರಳು ಜರಡಿ ಹಿಡಿಯಾಕೂ ಅಳತಿದ್ಲು, ಈಗ ಬುಟ್ಟಿ ಹೊರಾಕತ್ತಾಳ. ನಿಮ್ಮ ಸೂಜಿ ಭಾಳ ಚಲೋ ನೋಡ್ರಿ."

ಗುರುದೇವಿಯ ಮೈಯೆಲ್ಲ ಉರಿದುಹೋಯಿತು. ಗಾಡಿ ರಿಪೇರಿಗೆ ಬಿಟ್ಟವನ ಹಾಗೆ ನಿಂತಿದ್ದಾನಲ್ಲ! ಅವನ ಮೇಲೆ ಎಷ್ಟು ಸಿಟ್ಟೋ, ನಲ್ಲಿಯ ಹತ್ತಿರ ಬಾಯಿಬಿಟ್ಟ ತನ್ನ ಮೇಲೂ ಅಷ್ಟೇ. ಒಳಗೆ ಬಂದು ಶಿವಗಂಗಾಳನ್ನು ಗದರಿಸಿದಳು: "ಬುಟ್ಟಿ ಹೊರತೀನಂತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಜಗಳಾ ತಗೀತಿದ್ದಿ, ಅಂವ ಇಲ್ಲಿಗೂ ಬಿಡತಿದ್ದಿಲ್ಲ. ಇದೊಂದ ತಾಸು ನಂದು, ಯಕ್ಕಾ."

ಡಾಕ್ಟರಮ್ಮ ಹೊರಗೆ ಹೋಗಿ, ಇವಳಿಗೆ ವಿಶ್ರಾಂತಿ ಬೇಕು, ಭಾರ ಹೊರಿಸಬೇಡ ಎಂದು ಹಿಂದಿಯಲ್ಲಿ ತಿಳಿಹೇಳಿದರು. ಅಮೃತಪ್ಪ "ಅಚ್ಛಾ ಮೇಡಂ" ಎಂದು ತಲೆಯಾಡಿಸಿ ಗಡಿಯಾರ ನೋಡಿದ.

ಸೂಜಿಗಳನ್ನು ತೆಗೆದಾಯಿತು. ಗುರುದೇವಿ ಎಣಿಸಿದಳು, ಎಂಟೂ ಇದ್ದವು. ಒಂದನ್ನು ಬೆರಳಿನಿಂದ ಮೆಲ್ಲಗೆ ತಟ್ಟೆಯ ಹತ್ತಿಯಡಿಗೆ ಸರಿಸಿ, ಮತ್ತೆ ಎಣಿಸಿದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಎಣಿಕೆ ತಪ್ಪದವಳು ಹೊರಗೆ ಕೇಳುವಂತೆ ಕೂಗಿದಳು: "ಏಳ ಅದಾವ! ಒಂದ ಸಿಗವಲ್ದು!"

ಡಾಕ್ಟರಮ್ಮ ಹತ್ತಿಯನ್ನು ನೋಡಿದರು, ಅವಳ ಮುಖವನ್ನು ನೋಡಿದರು. "ಸಿಗುವ ತನಕ ಇವಳು ಏಳಬಾರದು" ಎಂದು ಪರದೆ ಎಳೆದರು.

ಗುರುದೇವಿ ಬಾಗಿಲಿಗೆ ಅಡ್ಡವಾಗಿ ಸ್ಟೂಲ್ ಹಾಕಿಕೊಂಡು ಕುಳಿತಳು. ಹನ್ನೊಂದಾಯಿತು, ಹನ್ನೆರಡಾಯಿತು. ಅಮೃತಪ್ಪನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಒಳಗೆ ಶಿವಗಂಗಾ ಮತ್ತೆ ನಿದ್ದೆಹೋಗಿದ್ದಳು.

"ಹುಡುಕೂದ ಬಿಟ್ಟ ಕುಂತೀರಲ್ರಿ!" ಎಂದು ಅವನು ಅರಚಿದ. "ಯಾವಾಗ ಸಿಗತೈತಿ ಅದು?"

ಗುರುದೇವಿ ಎದ್ದು ನಿಂತಳು.

"ಅಕಿ ಹಡಿಯೋತನಾ ಸಿಗಂಗಿಲ್ಲ. ಅಲ್ಲೀತನಾ ಅಕಿ ನನ್ನ ಮನ್ಯಾಗ ಇರತಾಳ. ನಡಿ, ನಿನ್ನ ಬುಟ್ಟಿ ನೀನ ಹೊತ್ಕೊ!"