ಬುತ್ತಿ ಬಿಚ್ಚುವ ಹೊತ್ತು

ತೆಲಂಗಾಣದ ಗದ್ವಾಲದಲ್ಲಿರುವ ಹತ್ತಿಬೀಜದ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿದ ದಿನ ಅವ್ವ ಕೇರಿಗೆಲ್ಲ ಸಕ್ಕರೆ ಹಂಚಿದಳು. ಮಕ್ತಲದ ನಮ್ಮ ಕೇರಿಯಿಂದ ಗುಳೆ ಹೋದವರು ಬಹಳ, ಕೂಲಿಗೆ ಹೋದವರು ಇನ್ನೂ ಬಹಳ. ಫ್ಯಾನಿನ ಕೆಳಗೆ ಕೂತು ಮಾಡುವ ನೌಕರಿಗೆ ಹೋದವಳು ನಾನೇ ಮೊದಲು. ಎಲ್ಲ ಸಮುದಾಯದವರಿಗೂ ಅವಕಾಶ ಕೊಡುತ್ತೇವೆಂದು ಕಂಪನಿಯವರು ಜಾಹೀರಾತಿನಲ್ಲೇ ಹೇಳಿದ್ದರು. ನಾನು ಅದನ್ನು ಪೂರ್ತಿ ನಂಬಿದ್ದೆ.

ಗಟ್ಟು ಎಂಬ ಊರಿನ ಕಡೆಯ ರೈತರು ತಂದ ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಎಷ್ಟು ಮೊಳಕೆ ಒಡೆದವು, ಎಷ್ಟು ಸತ್ತವು ಎಂದು ನೋಡುವುದು ನನ್ನ ಕೆಲಸ. ಆ ಕೆಲಸದ ಬಗ್ಗೆ ಇವತ್ತಿಗೂ ಯಾರೂ ನನಗೆ ಒಂದು ಮಾತು ಅಂದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನಲ್ಲೇ ಏನೋ ಕೊರತೆ ಇತ್ತೆಂದು ಯಾರಿಗೂ ಅನಿಸಬಾರದು.

ಬೀಜ ನೋಡುವ ಆ ಕೋಣೆಯಲ್ಲಿ ನಾವೆಲ್ಲ ಹೆಂಗಸರೇ. ಮಧ್ಯಾಹ್ನ ನೆಲಕ್ಕೆ ಚಾಪೆ ಹಾಸಿ ಎಲ್ಲರ ಡಬ್ಬಿಗಳನ್ನೂ ನಡುವೆ ಇಡುವುದು ಅಲ್ಲಿನ ಪದ್ಧತಿ. ಮಾಂಸ, ಮೊಟ್ಟೆ ತರುವಂತಿಲ್ಲ, ಅದೊಂದೇ ನಿಯಮ. ತಮ್ಮ ಡಬ್ಬಿಯದನ್ನು ತಾವೇ ಉಂಡರೆ ಉಳಿದವರು ರೇಗಿಸುತ್ತಿದ್ದರು. ಎಲ್ಲರಿಗಿಂತ ಹಿರಿಯರಾದ ಒಬ್ಬರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ರಾಯಚೂರು ಮೂಲದ ವ್ಯಾಪಾರಸ್ಥರ ಮನೆಯವರು. ಉಳಿದವರ ಜೊತೆ ತೆಲುಗು, ನನ್ನ ಜೊತೆ ಮಾತ್ರ ಕನ್ನಡ. ಮೊದಲ ದಿನ ಅವ್ವ ಮಾಡಿದ ಪುಂಡಿಸೊಪ್ಪಿನ ಪಲ್ಯವನ್ನು ಅವರೇ ಎರಡು ಸಲ ಹಾಕಿಕೊಂಡರು.

"ಎಷ್ಟು ಛಲೋ ಆಗೇತ್ರೀ! ನಾಳೆ ಇನ್ನಷ್ಟು ಕಟ್ಟಾಕ ಹೇಳ್ರಿ ನಿಮ್ಮವ್ವಗ."

ಸಂಜೆ ಈ ಮಾತನ್ನು ಅವ್ವ ನನ್ನಿಂದ ಮತ್ತೆ ಮತ್ತೆ ಹೇಳಿಸಿದಳು. ಮರುದಿನ ಬೆಳಕು ಹರಿಯುವ ಮೊದಲೇ ರೊಟ್ಟಿ ಬಡಿಯುವ ಸದ್ದು ಕೇಳಿ ಎದ್ದೆ. ಡಬ್ಬಿ ಸಾಲದೆಂದು ಒಂದು ಬಟ್ಟೆಯಲ್ಲೂ ಕಟ್ಟಿದ್ದಳು.

ಆ ಮಧ್ಯಾಹ್ನ ನಮ್ಮ ರೊಟ್ಟಿ ಮುರಿಯುತ್ತ ಅಕ್ಕ ಕೇಳಿದರು, "ಮಕ್ತಲದಾಗ ನಿಮ್ಮನಿ ಎಲ್ಲಿ ಬರ್ತೈತ್ರೀ?"

ನಮ್ಮ ಕಡೆ ಜಾತಿಯನ್ನು ಹೀಗೇ ಕೇಳುವುದು. ಮುಚ್ಚಿಡುವಂಥದ್ದು ನನ್ನ ಹತ್ತಿರ ಏನಿತ್ತು? ಹೇಳಿದೆ. ಅಕ್ಕನ ಕೈಯ ತುತ್ತು ಗಳಿಗೆ ಹೊತ್ತು ಹಾಗೇ ನಿಂತಿತು. ಆಮೇಲೆ ಬಾಯಿಗೂ ಹೋಯಿತು. ಪಾಪ, ಉಗುಳಲಿಲ್ಲ.

ಅದರ ಮಾರನೆಯ ದಿನ ಒಬ್ಬಳಿಗೆ ಉಪವಾಸ, ಇನ್ನೊಬ್ಬಳಿಗೆ ಹೊಟ್ಟೆ ಸರಿ ಇರಲಿಲ್ಲ. "ಪುಂಡಿಪಲ್ಯ ಹುಳಿ ಆಕ್ಕೈತ್ರೀ, ನನಗ ಪಿತ್ತ," ಎಂದರು ಅಕ್ಕ, ತಮ್ಮ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು. ನೋಡನೋಡುತ್ತ ಎಲ್ಲರ ಡಬ್ಬಿಗಳೂ ಅವರವರ ತೊಡೆ ಸೇರಿದವು. ಚಾಪೆಯ ನಡುವೆ ನನ್ನದೊಂದೇ ಉಳಿಯಿತು. ಏಳು, ಆಚೆ ಹೋಗು ಎಂದಿದ್ದರೆ ಜಗಳವಾದರೂ ಆಡುತ್ತಿದ್ದೆ, ನನ್ನ ಬಾಯಿ ಸಣ್ಣದಲ್ಲ. ಆದರೆ ಪಿತ್ತದ ಜೊತೆ ಹೇಗೆ ಜಗಳವಾಡುವುದು?

ಉಳಿದ ರೊಟ್ಟಿಯನ್ನು ಹಾಗೇ ಮನೆಗೆ ಒಯ್ದರೆ ಅವ್ವನಿಗೆ ತಿಳಿಯುತ್ತದೆ. ಚೆಲ್ಲಲು ಮನಸ್ಸು ಬಾರದು. ಅದಕ್ಕೇ ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತು, ಹಸಿವಿಲ್ಲದಿದ್ದರೂ ಒಂದೊಂದೇ ತುತ್ತು ನುಂಗುತ್ತಿದ್ದೆ. ಜುರಾಲದ ಅಣೆಕಟ್ಟು ದಾಟುವಷ್ಟರಲ್ಲಿ ಡಬ್ಬಿ ಖಾಲಿ. ಅಕ್ಕ ಉಣ್ಣದ್ದನ್ನು ಅಕ್ಕನ ಪರವಾಗಿ ನಾನೇ ಉಣ್ಣುತ್ತಿದ್ದೆ. ಅವ್ವ ಡಬ್ಬಿಯ ಮುಚ್ಚಳ ತೆಗೆದು ನೋಡಿ, "ಅಕ್ಕಾರು ಏನಂದ್ರು?" ಎನ್ನುತ್ತಿದ್ದಳು. "ಛಲೋ ಐತಿ ಅಂದ್ರು," ಎನ್ನುತ್ತಿದ್ದೆ. ನಾನು ದಪ್ಪಗಾದೆ. "ಗದ್ವಾಲದ ನೀರು ಹಿಡದೈತಿ ನಿನಗ," ಎಂದು ಅವ್ವ ನಗುತ್ತಿದ್ದಳು. ಆ ನಗು ನೋಡಿದರೆ ನನಗೆ ಅಳು ಬರುತ್ತಿತ್ತು.

ಒಮ್ಮೆ ಹೈದರಾಬಾದಿನ ದೊಡ್ಡ ಆಫೀಸಿನವರು ಬಂದರು. ಇಲ್ಲಿ ಎಲ್ಲರೂ ಒಂದೇ, ಎಲ್ಲರನ್ನೂ ಒಳಗೊಳ್ಳಬೇಕು ಎಂದು ಭಾಷಣವಾಯಿತು. ಸಾಮೂಹಿಕ ಊಟವೂ ಆಯಿತು, ಹೋಟೆಲಿನಿಂದ ತರಿಸಿದ್ದು. ನನ್ನನ್ನು ಮುಂದೆ ಕೂರಿಸಿ ಫೋಟೋ ತೆಗೆದರು. ಅಕ್ಕ ತಾವಾಗಿ ಬಂದು ನನ್ನ ತಟ್ಟೆಗೆ ಜಿಲೇಬಿ ಬಡಿಸಿ, "ನಾಚ್ಕೋಬ್ಯಾಡ್ರಿ, ತಿನ್ರಿ," ಎಂದರು. ಕೊಡುವುದಕ್ಕೆ ಅವರಿಗೆ ಎಂದೂ ತೊಂದರೆ ಇರಲಿಲ್ಲ. ನಮ್ಮಿಂದ ತೆಗೆದುಕೊಳ್ಳುವಾಗಷ್ಟೇ ಪಿತ್ತ.

ಆ ಭಾಷಣದ ಧೈರ್ಯದಲ್ಲಿ ಮ್ಯಾನೇಜರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಒಳ್ಳೆಯ ಮನುಷ್ಯ, ಕೂರಿಸಿ ಕೇಳಿದರು. ಯಾರ ಹೊಟ್ಟೆಗೆ ಏನು ಹೋಗಬೇಕೆಂದು ನಾನು ಹೇಗಮ್ಮ ಆರ್ಡರ್ ಮಾಡಲಿ ಎಂದು ತೆಲುಗಿನಲ್ಲಿ ಕೇಳಿದರು. ನಿಮ್ಮವರಲ್ಲೇ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತೇನೆ, ನಿಮಗೂ ಜೊತೆಯಾಗುತ್ತದೆ ಎಂದು ಸಮಾಧಾನ ಹೇಳಿ ಕಳಿಸಿದರು.

ಕೊಟ್ಟ ಮಾತಿನಂತೆ ನಡೆದುಕೊಂಡರು. ನಾರಾಯಣಪೇಟೆಯ ಒಬ್ಬ ಹುಡುಗಿ ಬಂದಳು. ಚುರುಕು, ನನಗಿಂತ ಹೆಚ್ಚು ಓದಿದವಳು. ಈ ಸಲ ಮನೆ ಎಲ್ಲಿ ಎಂದು ಅಕ್ಕ ಕೇಳಲಿಲ್ಲ, ಮ್ಯಾನೇಜರು ಮೊದಲೇ ಹೇಳಿದ್ದರೆಂದು ಕಾಣುತ್ತದೆ. ಮಧ್ಯಾಹ್ನ, ಅಷ್ಟು ದಿನಗಳಲ್ಲಿ ಚಾಪೆಯ ಮೂಲೆಗೆ ಸರಿದಿದ್ದ ನನ್ನನ್ನು ತೋರಿಸಿ, "ನೀವು ಅವರ ಕೂಡ ಕುಂದ್ರಿ, ಜೋಡಿ ಆತು," ಎಂದರು.

ಹುಡುಗಿ ಏನನ್ನೂ ಕೇಳದೆ ನನ್ನ ಡಬ್ಬಿಗೆ ಕೈ ಹಾಕಿ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದಳು. "ಯಕ್ಕಾ, ಭಾರಿ ಐತಿ," ಎಂದಳು. ಎಷ್ಟು ದಿನದಿಂದ ಕಾಯುತ್ತಿದ್ದ ಮಾತು ಅದು! ಸಂತೋಷಪಡಬೇಕೆಂದು ತಲೆ ಎತ್ತಿದೆ. ಆಚೆ ತುದಿಯಲ್ಲಿ ಎಲ್ಲರ ಡಬ್ಬಿಗಳೂ ತೊಡೆಯಿಂದ ಇಳಿದು ಮತ್ತೆ ನಡುವೆ ಬಂದಿದ್ದವು. ಅಕ್ಕ ಯಾರದೋ ಹುಳಿಪಲ್ಯ ಬಡಿಸಿಕೊಳ್ಳುತ್ತಿದ್ದರು. ಅಷ್ಟು ದಿನ ಅವರೂ ನನಗೊಬ್ಬ ಜೋಡಿ ಸಿಗುವುದನ್ನೇ ಕಾಯುತ್ತಿದ್ದರೆಂದು ಆಗ ತಿಳಿಯಿತು.

ಮಿಕ್ಕ ರೊಟ್ಟಿಯನ್ನು ಹುಡುಗಿ ತನ್ನ ಮನೆಗೆ ಕಟ್ಟಿಕೊಂಡಳು. ಅವತ್ತು ಬಸ್ಸಿನಲ್ಲಿ ಉಣ್ಣುವುದಕ್ಕೆ ಏನೂ ಉಳಿದಿರಲಿಲ್ಲ. ಮನೆಯಲ್ಲಿ ಅವ್ವ ಡಬ್ಬಿ ತೊಳೆಯುತ್ತ ಕೇಳಿದಳು, "ಏನಂದ್ರು ಇವತ್ತು?"

"ಹೊಸಾಕಿ ಒಬ್ಬಾಕಿ ಬಂದಾಳ. ಭಾರಿ ಐತಿ ಅಂದ್ಳು."

"ಯಾರ ಪೈಕಿ?"

"ನಮ್ಮವರ ಪೈಕಿನ."

ಅವ್ವನ ಕೈ ನಿಂತಿತು. "ಮತ್ತ ಅಕ್ಕಾರು?" ಎಂದಳು ನಿಧಾನವಾಗಿ.

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಅವ್ವ ಡಬ್ಬಿಯನ್ನು ಒರೆಸಿ ಬೋರಲು ಹಾಕಿದಳು.

ಮರುದಿನ ರೊಟ್ಟಿ ಬಡಿಯುವ ಸದ್ದು ತಡವಾಗಿ ಶುರುವಾಗಿ ಬೇಗ ನಿಂತಿತು. ಗದ್ವಾಲದಲ್ಲಿ ಡಬ್ಬಿ ತೆರೆದರೆ ನನಗೆ, ಆ ಹುಡುಗಿಗೆ ಸಾಲುವಷ್ಟೇ ರೊಟ್ಟಿ ಇತ್ತು.